ಕಿತ್ತೂರಿನಲ್ಲಿ ಸಾಹೇಬರನ್ನು ಉಳಿಸಿಕೊಳ್ಳುವ ಚಳವಳಿ

ನೋಡಲು ಬಂದ ಜನರನ್ನು ಬಾಗಿಲಿನಿಂದ ಆಚೆ ಅಟ್ಟಿದರು. ಆಮೇಲೆ "ನೋಡಲು ಜನರೇ ಬರುವುದಿಲ್ಲ" ಎಂದು ಅದೇ ಬಾಗಿಲಿಗೆ ಕೀಲಿ ಹಾಕಿದರು. ನನ್ನ ಆಪಾದನೆ ಇಷ್ಟೇ. ಇದನ್ನು ಮಾಡಿದವರು ಒಂದು ವಿಶ್ವವಿದ್ಯಾಲಯದವರು, ಅಂದರೆ ಓದಿದವರು. ನಾನು ಏಳನೆಯ ಇಯತ್ತೆಗೆ ಸಾಲಿ ಬಿಟ್ಟವನು. ಉಳಿದದ್ದನ್ನು ಚುರಮರಿ ಕಟ್ಟಿಕೊಟ್ಟ ಪತ್ರಿಕೆಗಳಲ್ಲಿ ಓದಿಕೊಂಡವನು. ಬಸ್ಸು ನಿಲ್ಲದಿದ್ದರೆ ರಸ್ತೆಯಲ್ಲಿ ಕೂರುತ್ತೇನೆ, ನಳಕ್ಕೆ ನೀರು ಬಾರದಿದ್ದರೆ ಖಾಲಿ ಕೊಡ ಹಿಡಿದು ಕಚೇರಿಗೆ ಹೋಗುತ್ತೇನೆ. ನಾನು ಸಿಟ್ಟಿನಿಂದ ಶುರುಮಾಡಿದ ಕೆಲಸ ನಡುವೆ ನಗೆಪಾಟಲಾಗುವುದು ಹೊಸದಲ್ಲ. ಆದರೆ ಈ ಸಲ ಆದಷ್ಟು ಯಾವತ್ತೂ ಆಗಿರಲಿಲ್ಲ.

ನಮ್ಮ ಸೀಮೆಯ ಒಬ್ಬ ಶ್ರೀಮಂತರು ಬಾಳನ್ನೆಲ್ಲ ಲಂಡನ್ನಿನಲ್ಲಿ ಕಳೆದು, ಇಂಗ್ಲಿಷರು ಬರೆದ ಚಿತ್ರಗಳನ್ನು ಕೂಡಿಹಾಕಿದ್ದರು. ಸಾಯುವ ಮೊದಲು ಎಲ್ಲವನ್ನೂ ವಿಶ್ವವಿದ್ಯಾಲಯಕ್ಕೆ ಕೊಟ್ಟರು. ಷರತ್ತು ಒಂದೇ: ಜನ ನೋಡುವಷ್ಟು ದಿನ ಚಿತ್ರಗಳು ಇದೇ ಸೀಮೆಯಲ್ಲಿ ಇರಬೇಕು. ಹೀಗೆ ಕಿತ್ತೂರಿನಿಂದ ಎಂ.ಕೆ. ಹುಬ್ಬಳ್ಳಿಗೆ ಹೋಗುವ ದಾರಿಯಲ್ಲಿ, ಕಬ್ಬಿನ ಹೊಲಗಳ ನಡುವೆ, ಬ್ರಿಟಿಷ್ ಕಲೆಯ ವಸ್ತುಸಂಗ್ರಹಾಲಯ ಎದ್ದು ನಿಂತಿತು. ಅದೂ ರಾಣಿ ಇಂಗ್ಲಿಷರ ಸೈನ್ಯವನ್ನು ಹೊಡೆದೋಡಿಸಿದ ಊರಿನ ಮಗ್ಗುಲಲ್ಲಿ!

ಓಡಿಸಲು ಹೋದದ್ದು

ತೆರೆದ ವಾರದಲ್ಲೇ ಚಳವಳಿಯ ಹುಡುಗರನ್ನು ಕಟ್ಟಿಕೊಂಡು ಕಪ್ಪು ಬಾವುಟ ಹಿಡಿದು ಹೋದೆ. "ಬ್ರಿಟಿಷರೇ, ತೊಲಗಿ" ಎಂದು ಬ್ಯಾನರ್ ಬರೆಸಿದ್ದೆವು. ಬಾಗಿಲಲ್ಲಿ ಬೈಲಹೊಂಗಲದ ಮಾಜಿ ಸೈನಿಕನೊಬ್ಬ ಕಾವಲಿದ್ದ. ನಮ್ಮ ಕೂಗೆಲ್ಲ ಮುಗಿಯುವವರೆಗೂ ಮೀಸೆ ತಿರುವುತ್ತಾ ನಿಂತ.

"ಅಣ್ಣಾರ, ಯಾರನ್ನ ತೊಲಗಸ್ತೀರಿ? ಒಳಗ ಹೋಗಿ ನೋಡ್ರಿ ಮೊದಲ. ಎಲ್ಲಾರೂ ಗ್ವಾಡಿಗೆ ಅದಾರ. ಒಬ್ಬನೂ ಇಳದ ಬರೂದಿಲ್ಲ."

ಒಳಗೆ ನುಗ್ಗಿದೆ. ಎದುರಿಗೇ ಆಳೆತ್ತರದ ಚಿತ್ರ. ಕೆಂಪು ಕೋಟು, ಬಿಳಿ ಟೋಪನ್ ಕೂದಲು, ಸೊಂಟದ ಮೇಲೆ ಕೈ ಇಟ್ಟ ಸಾಹೇಬ. ಅದರ ಮುಂದೆ ನೆಲದ ಮೇಲೆ ಕುಳಿತು, ತೊಡೆಯ ಮೇಲೆ ಹಲಗೆ ಇಟ್ಟುಕೊಂಡಿದ್ದವಳು ನನ್ನ ಅಕ್ಕನ ಮಗಳು. ರಾಮದುರ್ಗದ ನೇಕಾರರ ಮನೆಯ ಹುಡುಗಿ, ನನ್ನ ಮನೆಯಲ್ಲೇ ಇದ್ದು ಓದುತ್ತಿದ್ದಳು. ಕಾಲೇಜಿಗೆ ಹೋಗುತ್ತಾಳೆಂದು ಗೊತ್ತಿತ್ತು. ಕಾಲೇಜಿನ ಚಿತ್ರಕಲಾ ವಿಭಾಗ ಇದೇ ಕಟ್ಟಡದ ಮಾಳಿಗೆಯ ಮೇಲಿದೆ ಎಂದು ಗೊತ್ತಿರಲಿಲ್ಲ.

"ಬ್ರಿಟಿಷರೇ..." ಎಂದು ಬಾಯಿ ತೆರೆದೆ.

"ಮಾಮಾ, ಸ್ವಲ್ಪ ಸುಮ್ನಿರು. ಮೂಗ ಬರಿಯಾಕ ಹತ್ತೇನಿ, ಗೆರಿ ತಪ್ಪತೈತಿ."

"ಯಾರ ಮೂಗು?"

"ನಿನ್ನ ವೈರೀದು. ಮೂರ ಸಲ ಅಳಿಸೇನಿ. ನೀ ಹೊರಗ ಹೋಗಿ ಒದರು, ಇಂವ ಇಲ್ಲೇ ಇರತಾನ."

ಹೊರಗೆ ಹೋಗಿ ಒದರಿದೆ. ಕಾವಲುಗಾರ ನಮಗೆಲ್ಲ ಚಹಾ ತರಿಸಿದ.

ಮಾಲೆ ಇಲ್ಲದ ಫೋಟೋ

ನಮ್ಮ ಕಡೆ ಬದುಕಿರುವವರ ದೊಡ್ಡ ಫೋಟೋಕ್ಕೆ ಕಟ್ಟು ಹಾಕಿಸಿ ಪಡಸಾಲೆಯಲ್ಲಿ ತೂಗುಹಾಕುವುದಿಲ್ಲ. ಹಾಕಿದರೆ ಆ ಮನುಷ್ಯ ಹೋದ ಎಂದೇ ಅರ್ಥ. ಇದು ಚಿಕ್ಕ ಮಕ್ಕಳಿಗೂ ಗೊತ್ತು, ವಿಶ್ವವಿದ್ಯಾಲಯಕ್ಕೆ ಗೊತ್ತಿಲ್ಲ.

ಒಂದು ದಿನ ಉಗರಗೋಳದ ನಾಲ್ಕೈದು ಹೆಣ್ಣುಮಕ್ಕಳು ಬಂದರು. ನೆಂಟರ ಮನೆಗೆ ಬಂದವರು, ಬಸ್ಸಿಗೆ ಇನ್ನೂ ಹೊತ್ತಿತ್ತು. ಮುಂದೆ ಒಬ್ಬ ವಯಸ್ಸಾದ ಆಯಿ, ಹಣೆ ತುಂಬ ಅರಿಶಿನದ ಭಂಡಾರ. ಕೆಂಪು ಕೋಟಿನ ಸಾಹೇಬನನ್ನು ನೋಡಿದ್ದೇ ಎಲ್ಲರೂ ಚಪ್ಪಲಿ ಬಿಟ್ಟು, ಗೋಡೆಗೆ ಆನಿಸಿ ಕುಳಿತು, ಸೆರಗನ್ನು ಬಾಯಿಗೆ ಹಿಡಿದರು.

ಆಯಿ ಕಾವಲುಗಾರನನ್ನು ಮೆಲ್ಲಗೆ ಕೇಳಿದಳು: "ಹೆಂಗಾತ ತಮ್ಮಾ?"

"ಆಯಿ, ಅವರ ತೀರಿ ಎರಡನೂರ ವರ್ಸ ಆತು."

"ಎರಡನೂರ ವರ್ಸದಾಗ ಒಂದ ಮಾಲಿ ಹಾಕಿಲ್ಲ? ಇವಗ ಹಿಂದ ಮುಂದ ಯಾರೂ ಇಲ್ಲೇನ?"

"ಅದಾರ, ಇಂಗ್ಲಂಡಿನಾಗ."

"ಪಾಪ, ಹೆಣಾ ನಮ್ಮ ಸೀಮ್ಯಾಗ, ಮಂದಿ ಅಲ್ಲಿ" ಎಂದು ಆಯಿ ತನ್ನ ಚೀಲದಿಂದ ಚೆಂಡು ಹೂವಿನ ಮಾಲೆ ತೆಗೆದು, ಕಾವಲುಗಾರ ಕೈ ಅಡ್ಡ ಹಿಡಿಯುವಷ್ಟರಲ್ಲಿ ಚೌಕಟ್ಟಿನ ಮೂಲೆಗೆ ಸಿಕ್ಕಿಸಿದಳು. ಸಂಗ್ರಹಾಲಯದ ಮುಖ್ಯಸ್ಥರು ಓಡಿ ಬಂದರು. ನಗರದಿಂದ ಬಂದ ಮೆದು ಮನುಷ್ಯ, ಬಣ್ಣ ಹಾಳಾಗುತ್ತದೆಂದು ಅಳುವುದೊಂದು ಬಾಕಿ. ಹೆಂಗಸರನ್ನು ಎಬ್ಬಿಸಿ ಕಳಿಸಿದರು. ಅವರು ಹೊರಟಾಗ ಯಾರೂ "ಬರತೇವ್ರಿ" ಅನ್ನಲಿಲ್ಲ. ಅದು ಸಿಟ್ಟಲ್ಲ, ಸಾವಿನ ಮನೆಯಿಂದ ಹೊರಡುವಾಗ ನಾವು ಹಾಗೆ ಅನ್ನುವುದಿಲ್ಲ.

ಸಂಜೆ ಕಾವಲುಗಾರನನ್ನು ಕೇಳಿದೆ: "ಇವತ್ತ ಎಷ್ಟ ಮಂದಿ ನೋಡಿದ್ರಂತ ಬರಕೊಂಡ್ರು?"

"ಯಾರೂ ಇಲ್ಲಂತ್ರಿ. ಹೊರಗ ಹಾಕಿದವರು ಲೆಕ್ಕಕ್ಕ ಬರೂದಿಲ್ಲಂತ."

ಟವೆಲ್ಲಿನೊಳಗಿನ ಬೆರಳು

ಇನ್ನೊಂದು ಚಿತ್ರದಲ್ಲಿ ಒಂದು ಇಂಗ್ಲಿಷ್ ಎತ್ತು ಇತ್ತು. ಮೈ ಟ್ರಂಕಿನ ಹಾಗೆ ಚೌಕ, ಕಾಲು ಕಡ್ಡಿ, ತಲೆ ಮುಷ್ಟಿಯಷ್ಟು. ಅದರ ಸುದ್ದಿ ಬೈಲಹೊಂಗಲದ ದನದ ಸಂತೆಯವರೆಗೂ ಹೋಯಿತು. ಒಬ್ಬ ರೈತ ನೋಡಲೆಂದೇ ಬಂದ. ಹತ್ತಿರದಿಂದ ನೋಡಿದ, ದೂರದಿಂದ ನೋಡಿದ, ಚೌಕಟ್ಟಿನ ಹಿಂದೆ ಇಣುಕಿದ.

"ಸರ್ರ, ಇದರ ಆ ಕಡೆ ಮಗ್ಗಲಾ ನೋಡಾಕ ಸಿಗೂದಿಲ್ಲೇನ್ರಿ?"

ರೈತನೊಬ್ಬ ಕಲೆಯಲ್ಲಿ ಇಷ್ಟು ಆಸಕ್ತಿ ತೋರಿಸಿದ್ದಕ್ಕೆ ಮುಖ್ಯಸ್ಥರು ಖುಷಿಯಿಂದ ಕೈ ಚಾಚಿದರು. ರೈತ ಆ ಕೈ ಹಿಡಿದು, ಮೇಲೆ ಟವೆಲ್ ಮುಚ್ಚಿ, ಒಳಗೆ ಬೆರಳು ಒತ್ತಿದ. ನಮ್ಮ ಸಂತೆಯಲ್ಲಿ ದನದ ದರ ಬಾಯಲ್ಲಿ ಹೇಳುವುದಿಲ್ಲ, ಟವೆಲ್ಲಿನೊಳಗೆ ಬೆರಳು ಹಿಡಿದು ಹೇಳುತ್ತಾರೆ. ಪಾಪ, ಮುಖ್ಯಸ್ಥರು ಇದು ಇಲ್ಲಿಯ ನಮಸ್ಕಾರದ ರೀತಿ ಇರಬೇಕೆಂದು ನಕ್ಕು ತಲೆ ಆಡಿಸಿದರು. ರೈತ ಇನ್ನೊಂದು ಬೆರಳು ಒತ್ತಿದ. ಅವರು ಇನ್ನೂ ಜೋರಾಗಿ ತಲೆ ಆಡಿಸಿದರು.

ಮರುದಿನ ಬೆಳಿಗ್ಗೆ ಟ್ರ್ಯಾಕ್ಟರ್ ಬಂದು ಬಾಗಿಲಲ್ಲಿ ನಿಂತಿತು. ಟ್ರೇಲರಿನಲ್ಲಿ ಮೆತ್ತಗೆ ಹುಲ್ಲು ಹಾಸಿತ್ತು.

"ಇದು ಚಿತ್ರ! ಎತ್ತಲ್ಲ!" ಎಂದು ಮುಖ್ಯಸ್ಥರು ಕೂಗಿದರು.

"ನನಗೇನ ಕಣ್ಣಿಲ್ಲೇನ್ರಿ? ಇಂಥಾ ಎತ್ತ ಕಟಗೊಂಡ ಯಾರ ಉಳಬೇಕು? ಪಟಾನ ಬೇಕಾಗಿತ್ತು, ಪಡಸಾಲ್ಯಾಗ ಹಾಕಾಕ. ನಿನ್ನೆ ಬೆರಳ ಹಿಡದಾಗ ನಕ್ಕ ಒಪ್ಪಿದ್ರಿ, ಇವತ್ತ ಮಾತ ತಪ್ಪತೀರಿ. ಓದಿದವರರೀ ನೀವು!"

ಮರುವಾರ ಬಾಗಿಲಲ್ಲಿ ಹಲಗೆ ಬಿತ್ತು: ಟವೆಲ್ ಒಳಗೆ ತರುವಂತಿಲ್ಲ. ಹೆಗಲ ಮೇಲೆ ಟವೆಲ್ ಇಲ್ಲದೆ ನಮ್ಮ ಗಂಡಸರು ಹಿತ್ತಲಿಗೂ ಹೋಗುವುದಿಲ್ಲ. ಅಲ್ಲಿಗೆ ಗಂಡಸರೂ ಬಂದ್.

ರಾಣಿಗೆ ಬೆನ್ನು ಮಾಡಿ

ಆಮೇಲೆ ಸುದ್ದಿ ಬಂತು. ಇಲ್ಲಿ ನೋಡುವವರಿಲ್ಲ, ಚಿತ್ರಗಳನ್ನೂ ಚಿತ್ರಕಲಾ ವಿಭಾಗವನ್ನೂ ನಗರಕ್ಕೆ ಸಾಗಿಸುತ್ತಾರೆ ಎಂದು. ಬಾಗಿಲಿಗೆ ಕೀಲಿ ಬಿತ್ತು. ಅದೇ ದಿನ ರಾಮದುರ್ಗದಿಂದ ನನ್ನ ಮಾವನವರ, ಅಂದರೆ ಅಕ್ಕನ ಗಂಡನ, ಫೋನು ಬಂತು.

"ಕಿತ್ತೂರಾಗ ನೀ ಅದಿ ಅಂತ ಕಳಿಸಿದ್ನಿ. ವಿಭಾಗ ಹೋದ್ರ ಹುಡಗಿ ಮನಿಗೆ ಬರಲಿ. ಶಹರಕ್ಕ ಕಳಸೂದಿಲ್ಲ, ಲಗ್ನಾ ಮಾಡತೇನಿ."

ಹುಡುಗಿ ಅಳಲಿಲ್ಲ. ಅರ್ಧ ಬರೆದ ಚಿತ್ರವನ್ನು ನನ್ನ ಮುಂದೆ ಇಟ್ಟಳು. ಕೋಟು, ಕೂದಲು, ಕಣ್ಣು ಎಲ್ಲ ಇತ್ತು. ಮೂಗಿನ ಜಾಗ ಖಾಲಿ.

"ಮಾಮಾ, ಬಸ್ಸ ನಿಂದರಸ್ತಿ, ನೀರ ಬಿಡಸ್ತಿ. ಇವನ್ನ ಉಳಸಾಕ ಆಗೂದಿಲ್ಲೇನ?"

ನನ್ನ ಹುಡುಗರನ್ನು ಕರೆದೆ. ಅವರು ಮುಖ ಮುಖ ನೋಡಿಕೊಂಡರು. "ಅಣ್ಣಾ, ತೊಲಗ್ರಿ ಅಂದವರೂ ನಾವ, ಈಗ ಇರ್ರಿ ಅನ್ನವರೂ ನಾವ?" ಹೊಸ ಬ್ಯಾನರಿಗೆ ದುಡ್ಡಿರಲಿಲ್ಲ. ಹಳೆಯದರಲ್ಲಿ "ತೊಲಗಿ" ಮೇಲೆ ಸುಣ್ಣ ಬಳಿದು "ಇರಿ" ಎಂದು ಬರೆದೆವು. ಕಿತ್ತೂರಿನಲ್ಲಿ ರಾಣಿಯ ಮೂರ್ತಿಯ ಮುಂದೆ ಸಭೆ. ಮೈಕನ್ನು ತಿರುಗಿಸಿಕೊಂಡು ಮೂರ್ತಿಗೆ ಬೆನ್ನು ಮಾಡಿ ನಿಂತೆ. ಮುಖ ಕೊಟ್ಟು ಆಡುವ ಮಾತಲ್ಲ ಅದು.

"ಬ್ರಿಟಿಷರ ಚಿತ್ರಗಳು..." ಎಂದು ಕೂಗಿದೆ.

ಬಾಯಿಗೆ ಅಭ್ಯಾಸವಾದದ್ದು ಎಲ್ಲಿ ಹೋಗುತ್ತದೆ? ಜನ ಒಂದೇ ದನಿಯಲ್ಲಿ "ತೊಲಗಲಿ!" ಎಂದರು. ಅಷ್ಟು ಹುರುಪಿನ ಸಭೆಯನ್ನು ನಾನು ಈವರೆಗೆ ಕಂಡಿಲ್ಲ.

ನಿಮಗೇನಾಗಬೇಕು?

ಕೊನೆಗೆ ನಗರದಿಂದ ಒಂದು ಸಮಿತಿ ಬಂತು. ಜನ ನಿಜವಾಗಿಯೂ ನೋಡುತ್ತಾರೋ ಇಲ್ಲವೋ ತಿಳಿಯಲು ಆ ಒಂದು ದಿನ ಬಾಗಿಲು ತೆರೆದರು. ನಾನು ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬು ಇಳಿಸಿ ಖಾಲಿ ಹೋಗುತ್ತಿದ್ದ ಟ್ರ್ಯಾಕ್ಟರುಗಳನ್ನೆಲ್ಲ ತಡೆದು ಜನರನ್ನು ತುಂಬಿಸಿ ತಂದೆ. ಉಗರಗೋಳದ ಆಯಿಗೂ ಹೇಳಿ ಕಳಿಸಿದ್ದೆ. ಆಕೆ ಓಣಿಯನ್ನೇ ಕರೆತಂದಳು.

ಸಮಿತಿಯ ಕಾರು ತಡವಾಯಿತು. ಅಷ್ಟರಲ್ಲಿ ಆಯಿ ತನಗೆ ತಿಳಿದ ಹಾಗೆ ಎಲ್ಲವನ್ನೂ ಸಜ್ಜು ಮಾಡಿದ್ದಳು. ಬಾಗಿಲಲ್ಲಿ ಚಪ್ಪಲಿಗಳ ಗುಡ್ಡೆ. ಒಳಗೆ ಊದಿನಕಡ್ಡಿಯ ವಾಸನೆ. ಸಾಹೇಬನಿಗೆ ಮಾಲೆ. ಎರಡೂ ಗೋಡೆಗುಂಟ ಹೆಂಗಸರು ಸೆರಗು ಬಾಯಿಗೆ ಹಿಡಿದು ಕುಳಿತಿದ್ದಾರೆ, ಗಂಡಸರು ಬಾಗಿಲ ಹಲಗೆಯನ್ನು ಲೆಕ್ಕಿಸದೆ ತಂದ ಟವೆಲ್ಲನ್ನು ಹೆಗಲಿಂದ ಇಳಿಸಿ ಕೈಯಲ್ಲಿ ಹಿಡಿದಿದ್ದಾರೆ. ಒಂದು ಕೆಮ್ಮೂ ಇಲ್ಲ.

ಸಮಿತಿಯ ಅಧ್ಯಕ್ಷರು ದೊಡ್ಡ ಪಂಡಿತರು, ಇಂಗ್ಲಂಡಿನಲ್ಲಿ ಓದಿದವರು. ಆದರೆ ಹುಟ್ಟಿದ್ದು ಸವದತ್ತಿಯಲ್ಲಂತೆ. ಜೋರಾಗಿ ಮಾತಾಡುತ್ತಾ ಬಂದವರು ಹೊಸ್ತಿಲಲ್ಲಿ ತಟ್ಟನೆ ಬಾಯಿ ಮುಚ್ಚಿದರು. ಬೂಟು ಕಳಚಿದರು. ನೇರ ಸಾಹೇಬನ ಮುಂದೆ ಹೋಗಿ, ಕಣ್ಣು ಮುಚ್ಚಿ ಕೈ ಮುಗಿದರು. ಅವರನ್ನು ನೋಡಿ ಸಮಿತಿಯ ಉಳಿದವರೂ ಸಾಲಾಗಿ ಕೈ ಮುಗಿದರು. ಆಮೇಲೆ ಎಲ್ಲರೂ ಗೋಡೆಗೆ ಆನಿಸಿ, ನೆಲ ನೋಡುತ್ತಾ ಕುಳಿತುಬಿಟ್ಟರು.

ಆಯಿ ಪಕ್ಕಕ್ಕೆ ಸರಿದು, ಅಧ್ಯಕ್ಷರ ಬೆನ್ನು ಸವರಿ ಕೇಳಿದಳು:

"ಸಮಾಧಾನ ಮಾಡ್ಕೊಳ್ರಿ. ನಿಮಗ ಏನ ಆಗಬೇಕಿತ್ರಿ ಅವರು?"

ಅಧ್ಯಕ್ಷರು ಎಚ್ಚರಾದವರ ಹಾಗೆ ಅತ್ತ ಇತ್ತ ನೋಡಿದರು, ಎದ್ದರು, ಬೂಟು ಹುಡುಕಿಕೊಂಡು ಕಾರು ಹತ್ತಿದರು. "ಬರತೇನಿ" ಅನ್ನಲಿಲ್ಲ. ಸವದತ್ತಿಯವರಲ್ಲವೇ, ಸಾವಿನ ಮನೆಯ ರೀತಿ ಮರೆತಿರಲಿಲ್ಲ.

ಅದಕ್ಕೇ ಇರಬೇಕು, ಸಮಿತಿ ಮತ್ತೆ ಬಂದಿಲ್ಲ, ತೀರ್ಮಾನವೂ ಬಂದಿಲ್ಲ. ಬಾಗಿಲಿಗೆ ಮತ್ತೆ ಕೀಲಿ. ಹುಡುಗಿಯ ಬಟ್ಟೆ ಟ್ರಂಕಿನಲ್ಲಿ ಅರ್ಧ ತುಂಬಿದೆ, ಸಾಹೇಬನಿಗೆ ಇನ್ನೂ ಮೂಗಿಲ್ಲ.

ಓದಿ ನಕ್ಕಿರಲ್ಲ, ಸಾಕು. ಬರುವ ರವಿವಾರ ಬೆಳಿಗ್ಗೆ ಆ ಬಾಗಿಲಿಗೆ ಬನ್ನಿ. ಬೈಲಹೊಂಗಲದವರು, ಸವದತ್ತಿಯವರು, ರಾಮದುರ್ಗದವರು, ಎಲ್ಲರೂ ಬನ್ನಿ. ಟವೆಲ್ ಹಾಕಿಕೊಂಡೇ ಬನ್ನಿ. ಕೀಲಿ ತೆಗೆಯುವವರೆಗೂ ಬಾಗಿಲು ಬಿಟ್ಟು ಏಳಬೇಡಿ.