ಎದುರಿನ ಅಂಗಡಿ ತೆರೀತಾರಂತೆ

ಆ ದಿನದ ಅನಾಹುತಕ್ಕೆಲ್ಲ ಕಾರಣ ಒಂದೇ ಒಂದು ‘ಅಂತೆ’. ಅದನ್ನು ಆಡಿದವನು ಮೌನಿ.

ಮೌನಿ ಎಂಬುದು ಹೆತ್ತವರು ಇಟ್ಟ ಹೆಸರಲ್ಲ, ಬೀದಿಯವರು ಕೊಟ್ಟದ್ದು. ಅವನು ಊರು ಬಿಟ್ಟು ಊರಿಗೆ ಬಂದು ಈ ಬೀದಿಯ ಸಲೂನು ಹಿಡಿದು ಇನ್ನೂ ಹೆಚ್ಚು ಕಾಲವಾಗಿರಲಿಲ್ಲ. ಅಷ್ಟರಲ್ಲೇ ಅಡ್ಡಹೆಸರು ಬಂದಿತ್ತು, ಗಿರಾಕಿಗಳು ಮಾತ್ರ ಬಂದಿರಲಿಲ್ಲ.

ಕೆಲಸದಲ್ಲಿ ಅವನಿಗೆ ಹೆಸರಿಡುವಂತಿರಲಿಲ್ಲ. ಅವನು ಶೇವಿಂಗ್ ಮಾಡಿದ ಕೆನ್ನೆಯ ಮೇಲೆ ನೊಣ ಕೂತರೂ ಜಾರಬೇಕು. ತೊಂದರೆ ಇದ್ದದ್ದು ಬಾಯಲ್ಲಿ. ಕೈಯಲ್ಲಿ ಕತ್ತಿ ಇರುವಾಗ ಬಾಯಿ ಬಿಡಬಾರದು ಎಂದು ಅವನ ಅಪ್ಪ ಚಿಕ್ಕಂದಿನಲ್ಲೇ ತಲೆಗೆ ಮೊಟಕಿ ಕಲಿಸಿದ್ದ. ಆ ಪಾಠ ಎಷ್ಟು ಆಳಕ್ಕೆ ಇಳಿದಿತ್ತೆಂದರೆ, ಈಗ ಮಾತು ಶುರುವಾದರೆ ಕೈ ನಿಂತುಬಿಡುತ್ತಿತ್ತು, ಕೈ ಆಡಿದರೆ ಬಾಯಿ ಕಟ್ಟಿಹೋಗುತ್ತಿತ್ತು.

ಈ ಬೀದಿಯಲ್ಲೋ, ಕೂದಲು ಬೆಳೆದಿದೆ ಎಂದು ಯಾರೂ ಸಲೂನಿಗೆ ಹೋಗುವುದಿಲ್ಲ. ಸುದ್ದಿ ಬೇಕು ಎಂದು ಹೋಗುತ್ತಾರೆ, ಹೋದ ತಪ್ಪಿಗೆ ಕೂದಲು ತೆಗೆಸಿಕೊಂಡು ಬರುತ್ತಾರೆ. ಮೌನಿಗಿಂತ ಮುಂಚೆ ಇದೇ ಅಂಗಡಿ ನಡೆಸುತ್ತಿದ್ದ ಮುದುಕನಿಗೆ, ಯಾರ ಮನೆಯಲ್ಲಿ ಯಾರು ಯಾರ ಜೊತೆ ಮಾತು ಬಿಟ್ಟಿದ್ದಾರೆ ಎಂಬುದು ಆ ಮನೆಯವರಿಗಿಂತ ಮುಂಚೆ ಗೊತ್ತಾಗುತ್ತಿತ್ತು. ವಯಸ್ಸಾಗಿ ಅವನು ಮಗಳ ಮನೆ ಸೇರಿದ ಮೇಲೆ ಇಡೀ ಬೀದಿಗೆ ಕಿವಿ ಮುಚ್ಚಿದಂತಾಗಿತ್ತು. ಹೊಸಬ ಬಂದನೆಂದು ಆಸೆಯಿಂದ ಬಂದವರು “ಏನ್ ಸಮಾಚಾರ?” ಎಂದರೆ ಮೌನಿ “ಏನಿಲ್ಲ” ಎನ್ನುತ್ತಿದ್ದ. ಆಮೇಲೆ ಅವರು ಕನ್ನಡಿಯಲ್ಲಿ ತಮ್ಮ ಮುಖವನ್ನೇ ನೋಡಿಕೊಂಡು ಕೂರಬೇಕಾಗುತ್ತಿತ್ತು. ಯಾರಿಗೆ ತಾನೇ ಅಷ್ಟು ತಾಳ್ಮೆ ಇರುತ್ತದೆ? ಮುಂದಿನ ಸಲ ದೂರವಾದರೂ ದೊಡ್ಡ ರಸ್ತೆಯ ಸಲೂನಿಗೇ ಹೋಗುತ್ತಿದ್ದರು.

ಅಂಗಡಿಯ ಹಿಂದೆ ಒಂದು ಪರದೆ, ಪರದೆಯ ಹಿಂದೆ ಮನೆ. ಅವತ್ತು ಬೆಳಿಗ್ಗೆ ಹೆಂಡತಿ ಪರದೆ ಸರಿಸಿ ಖಾಲಿ ಬೆಂಚನ್ನೂ ಗಂಡನನ್ನೂ ಒಂದೇ ರೀತಿ ನೋಡಿದಳು.

“ರೀ, ಇವತ್ತೂ ಈ ಬೆಂಚು ಹೀಗೇ ಇದ್ರೆ ಸಂಜೆ ನಮ್ಮಣ್ಣನಿಗೆ ಫೋನ್ ಮಾಡ್ತೀನಿ. ಅವನ ಸಲೂನಲ್ಲಿ ನಿಮ್ಮ ಕುರ್ಚಿ ಇನ್ನೂ ಖಾಲಿ ಇದೆಯಂತೆ.”

ಭಾವನ ಅಂಗಡಿಯಲ್ಲಿ, ಗೋಡೆಗೆ ಒತ್ತಿಕೊಂಡ ಕೊನೆಯ ಕುರ್ಚಿಯ ಪಕ್ಕ ನಿಂತು ಮೌನಿ ವರ್ಷಗಟ್ಟಲೆ ಸವೆದಿದ್ದ. ಬೆನ್ನ ಹಿಂದೆ ಭಾವ ನಿಂತು, ಗಿರಾಕಿಗಳ ಎದುರಿಗೇ “ಕಿವಿ ಹತ್ರ ಇನ್ನೊಂದ್ಸಲ ನೋಡಯ್ಯಾ” ಎನ್ನುತ್ತಿದ್ದುದನ್ನು ಅವನು ಇನ್ನೂ ಮರೆತಿರಲಿಲ್ಲ. ಇಲ್ಲಿ ಕನ್ನಡಿ ತನ್ನದು, ಕುರ್ಚಿ ತನ್ನದು, ಬೆಳಿಗ್ಗೆ ಬಾಗಿಲು ತೆಗೆಯುವ ಕೈಯೂ ತನ್ನದೇ. ಈ ಬೀದಿಯವನಾಗಿ ಇಲ್ಲೇ ಉಳಿದುಬಿಡಬೇಕು ಎಂಬುದೊಂದೇ ಅವನ ಆಸೆ.

“ಏನಾದ್ರೂ ಮಾತಾಡ್ರೀ ಬಂದೋರ ಹತ್ರ!”

“ಏನ್ ಮಾತಾಡ್ಲಿ? ನನಗೇನೂ ಗೊತ್ತಿಲ್ವಲ್ಲ.”

“ಗೊತ್ತಿದ್ದು ಯಾರ್ರೀ ಮಾತಾಡ್ತಾರೆ? ಕೊನೇಲಿ ಒಂದು ‘ಅಂತೆ’ ಸೇರಿಸಿ ಬಿಟ್ಬಿಡಿ. ಮಿಕ್ಕಿದ್ದನ್ನ ಅವರೇ ನೋಡ್ಕೋತಾರೆ.”

ಅಷ್ಟರಲ್ಲಿ ರಿಟೈರ್ಡ್ ಮೇಷ್ಟ್ರು ಬಂದರು. ದೊಡ್ಡ ರಸ್ತೆಯವರೆಗೆ ನಡೆಯಲು ಮಂಡಿ ಒಪ್ಪದ ಕಾರಣ ಮೌನಿಗೆ ಉಳಿದಿದ್ದ ಗಿರಾಕಿ ಅವರೊಬ್ಬರೇ. ಕುರ್ಚಿಯಲ್ಲಿ ಕೂತು, ಆಸೆಯೇನೂ ಇಲ್ಲದೆ, ರೂಢಿಯ ಮೇಲೆ ಕೇಳಿದರು.

“ಏನ್ ಸಮಾಚಾರ?”

ಪರದೆ ಅಲುಗಾಡಿತು. ಮೌನಿ ಕನ್ನಡಿ ನೋಡಿದ. ಕನ್ನಡಿಯಲ್ಲಿ ಕಂಡದ್ದು ನೊರೆ ಮೆತ್ತಿದ ಮೇಷ್ಟ್ರ ಮುಖ, ಅದರ ಪಕ್ಕದಲ್ಲಿ ಬೀದಿಯಾಚೆಯ ಅಂಗಡಿಯ ತುಕ್ಕು ಹಿಡಿದ ಶಟರ್. ಅದನ್ನು ಯಾರೂ ಎತ್ತಿದ್ದನ್ನು ಅವನು ನೋಡಿರಲಿಲ್ಲ.

“ಎದುರಿನ ಅಂಗಡಿ... ತೆರೀತಾರಂತೆ,” ಎಂದುಬಿಟ್ಟ.

ಮೇಷ್ಟ್ರು ನೆಟ್ಟಗೆ ಕೂತರು. “ಯಾರಂತೆ?”

“ಗೊತ್ತಿಲ್ಲ.”

“ಏನ್ ಅಂಗಡಿಯಂತೆ?”

“ಅದೂ ಗೊತ್ತಿಲ್ಲ.”

“ಓಹೋ!” ಮೇಷ್ಟ್ರು ಕಣ್ಣು ಕಿರಿದು ಮಾಡಿದರು. “ಹೇಳಬಾರದು ಅಂತ ಹೇಳಿದ್ದಾರೆ. ಆಯ್ತಪ್ಪ, ನಾನೂ ಕೇಳಲ್ಲ.”

ಶೇವಿಂಗ್ ಮುಗಿದದ್ದೇ ತಡ, ಕಿವಿಯ ಹಿಂದಿನ ನೊರೆಯನ್ನೂ ಒರೆಸಿಕೊಳ್ಳದೆ ಎದ್ದರು. ನೋಯುವ ಮಂಡಿ ಅವತ್ತು ಎಲ್ಲಿ ಹೋಗಿತ್ತೋ, ಬೀದಿಯ ತುದಿ ಮುಟ್ಟಿಬಂದರು.

ಮೊದಲು ಓಡಿಬಂದವನು ಟೈಲರ್. ಅವನ ಮೀಸೆ ಬೀದಿಗೆಲ್ಲ ಪ್ರಸಿದ್ಧ, ಎರಡು ತುದಿಯೂ ಟೇಪು ಹಿಡಿದು ಅಳೆದಷ್ಟು ಸಮ. “ಮೀಸೆ ಸ್ವಲ್ಪ ಟ್ರಿಮ್ ಮಾಡಿ” ಎಂದು ಕೂತವನು ಕತ್ತರಿ ಆಡುವ ಮುಂಚೆಯೇ ದನಿ ಇಳಿಸಿದ.

“ಅಣ್ಣ, ನಿಜ ಹೇಳಿ. ಎದುರಿಗೆ ಬರ್ತಿರೋದು ಟೈಲರ್ ಅಂಗಡಿ ತಾನೆ? ನನ್ನ ಹೊಟ್ಟೆ ಮೇಲೆ ಹೊಡೆಯೋಕೇ ಬರ್ತಿದ್ದಾರೆ, ಅಲ್ವಾ?”

ಈ ಬೀದಿಯಲ್ಲಿ ಅವನನ್ನು ‘ಅಣ್ಣ’ ಎಂದು ಕರೆದವನು ಇವನೇ ಮೊದಲು. ಮೌನಿಯ ಮನಸ್ಸು ಬೆಣ್ಣೆಯಾಯಿತು. ಇಷ್ಟಕ್ಕೂ ಯಾವ ಅಂಗಡಿಯೂ ಬರುತ್ತಿಲ್ಲ, ಟೈಲರ್ ಅಂಗಡಿ ಬರುವುದಿಲ್ಲ ಎಂದರೆ ಸುಳ್ಳೇನೂ ಆಗುವುದಿಲ್ಲವಲ್ಲ.

“ಟೈಲರ್ ಅಲ್ಲ. ನೀವು ನಿಶ್ಚಿಂತೆಯಿಂದಿರಿ.”

ಹಾಗೆ ಹೇಳುತ್ತಲೇ ಕೈಯನ್ನೂ ಆಡಿಸಲು ಹೋದ. ಎಡ ತುದಿ ಒಂದಿಷ್ಟು ಹಾರಿತು. ಅದಕ್ಕೆ ಸರಿಯಾಗಿ ಬಲಗಡೆ ಕತ್ತರಿಸುವಾಗ ಟೈಲರ್ “ಆಣೆ ಮಾಡಿ” ಎಂದ. “ಆಣೆಗೂ ಅಲ್ಲ” ಎನ್ನುವಷ್ಟರಲ್ಲಿ ಬಲ ತುದಿ ಗಿಡ್ಡವಾಯಿತು. ಮತ್ತೆ ಎಡ, ಮತ್ತೆ ಬಲ. ಟೈಲರನ ಕಣ್ಣು ಕನ್ನಡಿಯಲ್ಲಿದ್ದರೂ ದೃಷ್ಟಿಯೆಲ್ಲ ಎದುರಿನ ಶಟರ್ ಮೇಲೆ. ಕೊನೆಗೆ ಸಮ ಮಾಡಲು ಮೀಸೆಯೇ ಉಳಿಯಲಿಲ್ಲ. ಹೊಟ್ಟೆಗೆ ಹಾಲು ಹೊಯ್ದಂತಾಗಿ, ಅವನು ಮೇಲ್ದುಟಿ ಸವರಿಕೊಳ್ಳುವುದನ್ನೂ ಮರೆತು ಹೊರಟುಹೋದ.

ಬೆನ್ನಿಗೇ ಹೋಟೆಲ್ ಮಾಲೀಕರು ಬಂದರು. ಕೈಯಲ್ಲಿ ಒಂದು ಲೋಟ ಬಿಸಿ ಚಹಾ. ಕುರ್ಚಿ ತುಂಬಿ ಹೊರಗೂ ಒಂದಿಷ್ಟು ಉಳಿಯುವಂಥ ಆಳು, ತಲೆಯಲ್ಲಿ ಮಾತ್ರ ಕಿವಿಗಳ ಮೇಲೆ ನಾಲ್ಕು ಎಳೆ.

“ಏನು ಕಟ್ ಮಾಡ್ಲಿ ಸಾರ್?” ಮೌನಿ ಪೇಚಿಗೆ ಸಿಕ್ಕಿದ.

“ಇರೋದ್ರಲ್ಲೇ ಏನಾದ್ರೂ ಮಾಡ್ರೀ. ಅದಿರ್ಲಿ, ಎದುರಿಗೆ ಹೋಟೆಲ್ ಅಂತೆ?”

“ಹೋಟೆಲ್ ಅಲ್ಲ ಸಾರ್.”

“ಮತ್ತೇನು?”

“ಅದೊಂದು ಹೇಳೋಕಾಗಲ್ಲ.”

ಅದು ಅಪ್ಪಟ ನಿಜವಾಗಿತ್ತು. ಆದರೆ ಬೆಂಚಿನ ಮೇಲೆ ಕೂತವರು ಒಬ್ಬರ ಮುಖ ಒಬ್ಬರು ನೋಡಿಕೊಂಡು ತಲೆದೂಗಿದರು. ಹೌದು, ಬೆಂಚಿನ ಮೇಲೆ ಆಗಲೇ ಜನ! ಮೌನಿ ಒಂದು ಮಾತಿಗೆ ಒಂದು ಸಲ ಕತ್ತರಿ ನಿಲ್ಲಿಸುತ್ತಿದ್ದುದರಿಂದ ನಾಲ್ಕು ಎಳೆಗೆ ನಲವತ್ತು ಎಳೆಯ ಹೊತ್ತು ಹಿಡಿಯುತ್ತಿತ್ತು, ಕಾಯುವವರು ಬೆಳೆಯುತ್ತಲೇ ಇದ್ದರು. ಬೆಂಚು ಸಾಲದೆ ಕೆಲವರು ಹೊಸ್ತಿಲ ಮೇಲೆ ಕೂತರು. ಪರದೆಯ ಸಂದಿಯಿಂದ ಹೆಂಡತಿಯ ಒಂದು ಕಣ್ಣು ಕಂಡಿತು. ಮದುವೆಯಾದ ಹೊಸದರಲ್ಲೂ ಅದು ಅವನನ್ನು ಅಷ್ಟು ಮೆಚ್ಚಿಕೊಂಡು ನೋಡಿರಲಿಲ್ಲ.

ಮೂರನೆಯವರು ಔಷಧಿ ಅಂಗಡಿಯವರು. ಡಾಕ್ಟರು ಬರೆದುಕೊಡದೆ ನಗಲಾರೆ ಎನ್ನುವಂಥ ಗಂಭೀರ ಮನುಷ್ಯ. ಮುಖಕ್ಕೆ ನೊರೆ ಹಚ್ಚಿಸಿಕೊಂಡು, ತುಟಿಯಷ್ಟನ್ನೇ ಆಡಿಸಿ ಕೇಳಿದರು.

“ಮೆಡಿಕಲ್ ಶಾಪಾ?”

“ಅಲ್ಲ ಸಾರ್.”

“ಪಕ್ಕಾ?”

“ಪಕ್ಕಾ.”

“ಹಾಗಾದ್ರೆ ಈ ಕೆನ್ನೆ ಮುಗಿಸಿ, ನಾನು ಹೊರಟೆ.”

ಮಧ್ಯಾಹ್ನದ ಹೊತ್ತಿಗೆ ಮೌನಿಗೆ ಸಾಕುಸಾಕಾಗಿತ್ತು. ಇಡೀ ದಿನ ನಿಂತರೂ ನೋಯದ ಕಾಲು ಈಗಲೂ ನೋಯುತ್ತಿರಲಿಲ್ಲ, ನಾಲಿಗೆ ಮಾತ್ರ ಒದ್ದೆ ಬಟ್ಟೆ ಹಿಂಡಿದ ಹಾಗಾಗಿತ್ತು. ಊಟಕ್ಕೆ ಒಳಗೆ ಹೊರಟರೆ “ಒಂದೇ ನಿಮಿಷ, ಒಂದೇ ಮಾತು” ಎಂದು ಯಾರೋ ಭುಜ ಹಿಡಿದು ನಿಲ್ಲಿಸಿದರು. ಗಿರಾಕಿ ಇಲ್ಲದ ದಿನಗಳಲ್ಲಿ ಅವನು ಕನಿಷ್ಠ ಹೊಟ್ಟೆ ತುಂಬ ಉಂಡಿದ್ದ. ಈ ಜನಕ್ಕೆ ಮನೆ ಮಠ ಇಲ್ಲವೇ ಎಂದು ಅವನಿಗೆ ಮೈ ಪರಚಿಕೊಳ್ಳುವಂತಾಯಿತು.

ಅಷ್ಟರಲ್ಲಿ ಟೈಲರ್ ಸಿಡಿಲಿನ ಹಾಗೆ ವಾಪಸ್ಸು ಬಂದ. “ಏನ್ರೀ ಇದು? ಊಟಕ್ಕೆ ಹೋದ್ರೆ ನಮ್ಮನೆಯವಳು ಬಾಗಿಲಲ್ಲೇ ನಿಲ್ಸಿ, ‘ಅವರು ಅಂಗಡೀಲಿದ್ದಾರೆ, ಅಲ್ಲೇ ಹೋಗಿ’ ಅಂದ್ಲು! ನನ್ನ ಮೀಸೆ ಎಲ್ರೀ?”

ಮೌನಿಯ ನೋಟ ತಾನಾಗಿಯೇ ನೆಲದ ಕಡೆ ಹೋಯಿತು. ಟೈಲರನ ಮುಷ್ಟಿ ಮೇಲೆದ್ದಿತು. ಆದರೆ ಏನೋ ಯೋಚಿಸಿ ಹಾಗೇ ಕೆಳಗಿಳಿಯಿತು.

“ಹೋಗ್ಲಿ ಬಿಡಿ. ಮೀಸೆ ಮತ್ತೆ ಬರುತ್ತೆ. ಟೈಲರ್ ಅಲ್ಲ ತಾನೆ?”

“ಅಲ್ಲ.”

“ನಿಮ್ಮ ಮಾತು ನಂಬಬಹುದು. ಆದ್ರೂ ಯಾವುದಕ್ಕೂ ಇರ್ಲಿ ಅಂತ ಆ ಮಳಿಗೆ ಯಜಮಾನರ ಮನೆಗೇ ಹೋಗಿ ಕೇಳ್ಕೊಂಡು ಬಂದೆ. ಹೋಟೆಲ್ನೋರು, ಮೆಡಿಕಲ್ ಸಾರ್, ಎಲ್ಲ ಅಲ್ಲೇ ಇದ್ರು. ಸಂಜೆ ಖುದ್ದು ನಿಮ್ಮಲ್ಲಿಗೇ ಬರ್ತಾರಂತೆ ಯಜಮಾನರು.”

ಮೌನಿ ಮುಂದಿನದನ್ನು ಲೆಕ್ಕ ಹಾಕಿದ. ಯಜಮಾನರು ಬರುತ್ತಾರೆ, ನನ್ನ ಅಂಗಡಿಯ ಸುದ್ದಿ ಹಬ್ಬಿಸಲು ನೀನು ಯಾರಯ್ಯ ಎಂದು ಕೇಳುತ್ತಾರೆ, ಅದೂ ಈ ಬೆಂಚಿನ ತುಂಬ ಜನರ ಎದುರಿಗೆ. ಬೆಳಿಗ್ಗೆಯವರೆಗೆ ಅವನು ಬರೀ ಮೌನಿಯಾಗಿದ್ದ, ಸಂಜೆಗೆ ಸುಳ್ಳನಾಗುತ್ತಾನೆ. ಮೌನಿಗೆ ಈ ಬೀದಿಯಲ್ಲಿ ಹೇಗೋ ಜಾಗ ಸಿಕ್ಕೀತು, ಸುಳ್ಳನಿಗೆ ಸಿಗುವುದಿಲ್ಲ. ಭಾವನ ಅಂಗಡಿಯ ಕೊನೆಯ ಕುರ್ಚಿ ಕಣ್ಣೆದುರು ಬಂದು ನಿಂತಿತು. ಹೊಟ್ಟೆನೋವು ಎಂದು ಬಾಗಿಲು ಹಾಕೋಣವೆಂದರೆ, ಮೆಡಿಕಲ್ ಸಾರ್ ಮಾತ್ರೆ ತರಿಸುತ್ತಾರೆ, ಹೋಟೆಲಿನವರು ಬಿಸಿನೀರು ಕಳಿಸುತ್ತಾರೆ. ಪರಾರಿಯಾಗಲೂ ಬಿಡದಷ್ಟು ಒಳ್ಳೆಯವರಾಗಿಬಿಟ್ಟಿದ್ದರು ಎಲ್ಲರೂ.

ಸಂಜೆ ಯಜಮಾನರು ಬಂದರು. ಜನ ಎದ್ದು ದಾರಿ ಬಿಟ್ಟರು. ಅವರು ನೇರ ಕುರ್ಚಿಯಲ್ಲಿ ಕೂತು ಗಡ್ಡ ಮುಂದೆ ಮಾಡಿದರು. ಮೌನಿ ಒಂದು ಕೆನ್ನೆಗೆ ನೊರೆ ಹಚ್ಚಿದ. ಕಣ್ಣು ಬೆಂಚಿನ ಕಡೆಗಿದ್ದುದರಿಂದ ಮೂಗಿಗೂ ಒಂದಿಷ್ಟು ಹತ್ತಿತು.

“ನನ್ನ ಮಳಿಗೆ ತೆರೀತಾರೆ ಅಂದಿದ್ದು ನೀವೇನಾ?”

“ತಪ್ಪಾಯ್ತು ಸಾರ್... ಬಾಯಿ ತಪ್ಪಿ...”

“ತಪ್ಪಾ? ನಿಮ್ಮ ಬಾಯಿಗೆ ಸಕ್ಕರೆ ಹಾಕ್ಬೇಕು ಕಣ್ರೀ! ಆ ಮಳಿಗೆಗೆ ಯಾರೂ ಬರಲ್ಲ ಅಂತ ಬೀಗ ಹಾಕಿ ನಾನೇ ಮರೆತುಬಿಟ್ಟಿದ್ದೆ. ಇವತ್ತು ನೋಡಿದ್ರೆ ಇಡೀ ಬೀದಿ ನಮ್ಮನೆ ಬಾಗಿಲಲ್ಲಿ! ಇಷ್ಟು ಜನ ಕೇಳೋ ಮಳಿಗೆನ ಸುಮ್ನೆ ಮುಚ್ಚಿಡ್ತಾರೇನ್ರೀ? ಮಧ್ಯಾಹ್ನವೇ ಒಬ್ಬರಿಗೆ ಮಾತು ಕೊಟ್ಬಿಟ್ಟೆ.”

ಮೌನಿಯ ತಲೆಯ ಮೇಲಿದ್ದ ಬೆಟ್ಟ ಇಳಿದ ಹಾಗಾಯಿತು. ಬೆಂಚಿನಲ್ಲಿದ್ದವರು ಅವನನ್ನು ನೋಡಿದ ನೋಟದಲ್ಲಿ ಭಕ್ತಿಯೇ ಇತ್ತು. ಹೇಳಿದ್ದು ಹೇಳಿದ ಹಾಗೇ ಆಗಿದೆ! ಇನ್ನು ಭಾವನ ಸುದ್ದಿಯೇ ಬೇಡ. ಮೌನಿಗೆ ಕಣ್ಣು ತುಂಬಿ ಬಂತು. ತಾನು ಈ ಬೀದಿಯವನಾದೆ ಎಂದು ಅವನಿಗೆ ಮೊದಲ ಸಲ ಅನ್ನಿಸಿತು. ಕತ್ತಿಯನ್ನು ಹಗುರವಾಗಿ ಕೆನ್ನೆಗಿಟ್ಟ.

“ಯಾರಿಗೆ ಕೊಟ್ರಿ ಸಾರ್?” ಬೆಂಚು ಒಕ್ಕೊರಲಿನಿಂದ ಕೇಳಿತು.

“ನೋಡಿ, ನಾನು ಯಾರ ಹೊಟ್ಟೆ ಮೇಲೂ ಹೊಡೆಯೋನಲ್ಲ. ಟೈಲರ್ ಬಂದು ಟೈಲರ್ ಬೇಡ ಅಂದ್ರು, ಸರಿ ಬೇಡ ಅಂದೆ. ಹೋಟೆಲ್ನೋರು ಹೋಟೆಲ್ ಬೇಡ ಅಂದ್ರು, ಬಿಟ್ಟೆ. ಮೆಡಿಕಲ್ನೋರು, ದಿನಸಿಯೋರು, ಚಪ್ಪಲಿ ಅಂಗಡಿಯೋರು, ಎಲ್ಲರೂ ಬಂದು ಅವರವರ ತಕರಾರು ಹೇಳ್ಕೊಂಡ್ರು. ಯಾರೂ ತಕರಾರು ಹೇಳದೇ ಇದ್ದ ಕಸುಬು ಒಂದೇ ಉಳೀತು. ಸಲೂನು.”

ಕತ್ತಿ ನಿಂತಿತು. ಈ ಸಲ ಮೌನಿ ಮಾತಾಡಿದ್ದರಿಂದಲ್ಲ.

“ಪರಿಚಯದೋನೇ. ಒಂದು ಮಳಿಗೆ ಕೊಡಿ ಅಂತ ಎಷ್ಟೋ ಕಾಲದಿಂದ ಗೋಗರೀತಿದ್ದ.”

“ಮಾತಾಡ್ತಾನಾ?” ಮೇಷ್ಟ್ರು ಮಂಡಿಗೆ ಕೈಯೂರಿ ಮುಂದೆ ಬಾಗಿದರು.

“ಅಯ್ಯೋ, ಬಾಯಿಗೆ ಬಿಡುವೇ ಇಲ್ಲ! ಮಾತು ಮಾತಲ್ಲೇ ಎರಡೂ ಕೆನ್ನೆ ಮುಗ್ಸಿಬಿಡ್ತಾನೆ. ಈಗ್ಲೇ ಬಂದು ಮಳಿಗೆ ನೋಡ್ತಿದ್ದಾನೆ, ಅಗೋ.”

ಕನ್ನಡಿಯಲ್ಲಿ ತುಕ್ಕು ಹಿಡಿದ ಶಟರಿನ ಮುಂದೆ ಯಾರೋ ಎರಡೂ ಕೈ ಬೀಸಿ ಏನೋ ವರ್ಣಿಸುತ್ತಿದ್ದುದು ಕಂಡಿತು. ಬೆಂಚು ಖಾಲಿಯಾಯಿತು. ಹೊಸ್ತಿಲಿನಲ್ಲಿ ಕೂತಿದ್ದವರು ಎಲ್ಲರಿಗಿಂತ ಮುಂಚೆ ಹೋದರು. ಮೇಷ್ಟ್ರು ಟೈಲರನನ್ನೂ ಹಿಂದೆ ಹಾಕಿದರು.

ಅಂಗಡಿಯಲ್ಲಿ ಉಳಿದವರು ಇಬ್ಬರೇ. ಯಜಮಾನರು ಕನ್ನಡಿಯಲ್ಲಿ ಮೌನಿಯನ್ನು ನೋಡಿ ಅಕ್ಕರೆಯಿಂದ ನಕ್ಕರು.

“ಪಾಪ, ಅವನು ಹೊಸಬ. ಹೊಸ ಜಾಗದಲ್ಲಿ ಹೊಂದಿಕೊಳ್ಳೋದು ಎಷ್ಟು ಕಷ್ಟ ಅಂತ ನಿಮಗೆ ಗೊತ್ತಲ್ಲ. ನೀವು ಈ ಬೀದಿಯೋರು, ಸ್ವಲ್ಪ ಕೈ ಹಿಡೀಬೇಕು. ನಾಳೆ ಅವನ ಶಟರ್ ಎತ್ತೋದು ನಿಮ್ಮ ಕೈಯಿಂದಲೇ ಆಗ್ಬೇಕು ಅಂತ ನಾನೂ ಅವನೂ ಸೇರಿ ತೀರ್ಮಾನ ಮಾಡಿದ್ದೀವಿ. ಬರ್ತೀರಲ್ಲ?”

ಅದೇ ಹೊತ್ತಿಗೆ ಚಹಾದ ಲೋಟ ಹಿಡಿದು ಪರದೆ ಸರಿಸಿದ ಹೆಂಡತಿಗೆ ಕೇಳಿಸಿದ್ದು ಕೊನೆಯ ಎರಡು ಮಾತು ಮಾತ್ರ. ಅವಳ ಮುಖ ಅರಳಿತು.

“ಬರ್ತಾರೆ ಸಾರ್, ಖಂಡಿತ ಬರ್ತಾರೆ!”

ಮೌನಿ ಬ್ರಶ್ಶು ತೆಗೆದುಕೊಂಡು ಇನ್ನೊಂದು ಕೆನ್ನೆಗೆ ನೊರೆ ಹಚ್ಚಿದ.