ಅಕ್ಕನ ಸರ್ವರು, ನನ್ನ ಡಬ್ಬಿ

ಡೊಂಬಿವಲಿಯ ಮನೆಯಿಂದ ಆನ್‌ಲೈನಿನಲ್ಲಿ ಹಪ್ಪಳ, ಸಂಡಿಗೆ ಮಾರುತ್ತೇನೆ ಎಂದಾಗ, "ಏಳನೇ ಕ್ಲಾಸು ಕಲಿತವಳು ನೀನು, ನಿನ್ನಿಂದ ಆಗುವ ಕೆಲಸ ಅಲ್ಲ ಮಾರಾಯ್ತಿ" ಎಂದವರು ನನ್ನ ಓರಗಿತ್ತಿ, ಸಾನಪಾಡಾದ ಅಕ್ಕ. ಅವರದು ಸೀರೆಯ ಆನ್‌ಲೈನ್ ಅಂಗಡಿ. ಅದನ್ನು ನಡೆಸಲು ಮನೆಯಲ್ಲೇ ದೊಡ್ಡದೊಂದು ಸರ್ವರ್. ನಾನು ಪುಸ್ತಕ ತಂದು, ಓದಿ, ಕಲಿತೆ. ಅಂದಿನಿಂದ ನನ್ನ ಮನೆಯಲ್ಲಿ ಏನಾದರೊಂದು ನಡೆಯುತ್ತಲೇ ಇದೆ.

ಖರೀದಿ

ಕಲ್ಯಾಣದ ಅಂಗಡಿಯಲ್ಲಿ ಎಲ್ಲಕ್ಕಿಂತ ಅಗ್ಗದ ಸರ್ವರ್ ನೋಡಿದೆ. ಊಟದ ಡಬ್ಬಿಯಷ್ಟಿತ್ತು.

"ಇದು ಎಷ್ಟು ಕಾಲ ಬಾಳುತ್ತದೆ?"

"ವಾರಂಟಿ ಮುಗಿಯುವವರೆಗೆ ನಮ್ಮ ಜವಾಬ್ದಾರಿ ಮೇಡಂ. ಆಮೇಲೆ ದೇವರದು."

ಅಕ್ಕನ ಸರ್ವರಿನಲ್ಲಿ ಅಂಥದ್ದೇನಿದೆ ಎಂದು ಕೇಳಿದೆ.

"ಅದಕ್ಕೆ ಎರಡು ಪವರ್ ಸಪ್ಲೈ. ಒಂದು ಕೈಕೊಟ್ಟರೆ ಇನ್ನೊಂದು ನಡೆಸುತ್ತದೆ."

"ಅದೇನು ಹೊಸದು? ನಮ್ಮನೆಯೂ ಹಾಗೇ ನಡೆಯುವುದು" ಎಂದೆ. ಹಿಂದೆ ನಿಂತಿದ್ದ ನನ್ನ ಗಂಡ ಚೀಲ ಎತ್ತಿಕೊಂಡು ಹೊರಗೆ ಹೋದರು.

ಶುಕ್ರವಾರ

ನಮ್ಮಲ್ಲಿ ಶುಕ್ರವಾರ ಕರೆಂಟ್ ತೆಗೆಯುತ್ತಾರೆ. ಡಬ್ಬಿ ಆರಿದರೆ ನನ್ನ ಅಂಗಡಿ ಯಾರ ಫೋನಿನಲ್ಲೂ ತೆರೆಯುವುದಿಲ್ಲ. ಕೋಪರಖೈರಣೆಯ ಗಿರಾಕಿಯೊಬ್ಬರು ಫೋನ್ ಮಾಡಿದರು.

"ಅಂಗಡಿ ತೆರೀತಾನೇ ಇಲ್ಲ ತಾಯೀ!"

"ಶುಕ್ರವಾರ ನಮಗೆ ವಾರದ ರಜೆ."

"ಆನ್‌ಲೈನ್ ಅಂಗಡಿಗೂ ರಜೆಯಾ? ನಿಮ್ಮ ಸಾನಪಾಡಾದ ಅಕ್ಕನ ಅಂಗಡಿ ಯಾವಾಗಲೂ ತೆರೆದೇ ಇರ್ತದಲ್ಲ!"

"ಅಲ್ಲಿ ವಾರ, ತಿಥಿ ನೋಡುವವರು ಯಾರೂ ಇಲ್ಲ" ಎಂದು ಫೋನ್ ಇಟ್ಟೆ.

ಆಯುಧ ಪೂಜೆ

ದೀಪಾವಳಿಗೆ ಮುಂಚಿನ ಆ ದಿನಗಳಲ್ಲೇ ನನಗೆ ವರ್ಷದ ಅರ್ಧ ವ್ಯಾಪಾರ. ಆಯುಧ ಪೂಜೆಯ ಬೆಳಿಗ್ಗೆ ಸ್ನಾನ ಮುಗಿಸಿ ಬರುತ್ತೇನೆ, ಅತ್ತೆ ಡಬ್ಬಿ ಆರಿಸಿ, ಅದರ ಗಾಳಿಕಿಂಡಿಯ ತುಂಬ ಅರಸಿನ ಕುಂಕುಮ ಹಚ್ಚಿ, ಮೇಲೆ ಚೆಂಡುಹೂ ಇಟ್ಟಿದ್ದಾರೆ.

"ಇವತ್ತು ಯಂತ್ರ ದುಡಿಸಬಾರದು ಮಗಾ."

ಸಂಜೆಯವರೆಗೆ ಕಾಯುವವಳು ನಾನಲ್ಲ. ಸ್ವಿಚ್ ಹಾಕಿದೆ. ಒಳಗಿನ ಫ್ಯಾನು ಒಮ್ಮೆ ಸೀನಿದಂತೆ ಮಾಡಿ ಕೆಂಪು ಧೂಳು ಉಗುಳಿತು. ಡಬ್ಬಿ ಮತ್ತೆ ಏಳಲೇ ಇಲ್ಲ.

ನನ್ನ ಅಂಗಡಿ ಹೋಯಿತು, ಸರಿ. ಅಕ್ಕನದು ಮಾತ್ರ ಓಡುವುದೆಂದರೆ?

"ಅತ್ತೇ, ಸಾನಪಾಡಾದಲ್ಲೂ ಪೂಜೆ ಆಗಬೇಡವೇ? ದೊಡ್ಡ ಸೊಸೆ ಬೇಜಾರು ಮಾಡಿಕೊಂಡಾರು" ಎಂದು ಅವರ ಕೈಗೆ ಕುಂಕುಮದ ಕರಡಿಗೆ ಕೊಟ್ಟು ಗಂಡನ ಜೊತೆ ಲೋಕಲ್ ರೈಲು ಹತ್ತಿಸಿದೆ.

ಸಂಜೆ ಅತ್ತೆ ಬೆರಗಾಗಿ ಬಂದರು. "ಎಂಥ ಯಂತ್ರ ಮಾರಾಯ್ತಿ ಅವಳದು! ಒಂದು ವಯರು ಕಿತ್ತೆ, ಆರಲಿಲ್ಲ. ಕುಂಕುಮ ಹಚ್ಚಿದೆ, ಆರಲಿಲ್ಲ. ಕಡೆಗೆ ನಾನೇ ಅಡ್ಡಬಿದ್ದು ಬಂದೆ."

ಮರುದಿನ ನಾನೇ ಸಾನಪಾಡಾಕ್ಕೆ ಹೋದೆ. ಅಕ್ಕನ ಹತ್ತಿರ ಅಂಥದೇ ಹಳೆಯ ಸರ್ವರೊಂದು ಖಾಲಿ ಬಿದ್ದಿತ್ತು. "ದುಡ್ಡು ಬೇಡ, ಒಂದು ಮಾತು ಸಾಕು" ಎಂದರು.

ಈಗ ನನ್ನಲ್ಲಿ ಎರಡು ಪವರ್ ಸಪ್ಲೈಯ ಸರ್ವರ್ ಇದೆ. ಶುಕ್ರವಾರಕ್ಕೆಂದು ದೊಡ್ಡ ಬ್ಯಾಟರಿಯೂ ಇದೆ. ಬ್ಯಾಟರಿಗೆ ಕೊಟ್ಟದ್ದು ಎರಡು ಬಳೆ. ಸರ್ವರಿಗೆ ಕೊಟ್ಟದ್ದು, "ನೀವು ಹೇಳಿದ್ದೇ ಸರಿ ಅಕ್ಕಾ" ಎಂಬ ಮಾತು. ಅದನ್ನೂ ಎರಡು ಸಲ ಕೊಡಬೇಕಾಯಿತು. ಮೊದಲ ಸಲ ಭಾವ ಮನೆಯಲ್ಲಿರಲಿಲ್ಲ.