ಯಂತ್ರದ ಪಾಲು

ನಮ್ಮ ಭಾವ, ಹೊಸದೇನನ್ನು ತೋರಿಸಿದರೂ ಮೊದಲು ಸಂತಾಪ ಸೂಚಿಸುತ್ತಿದ್ದರು! ಪಕ್ಕದ ಮನೆಯವರು ಜಯನಗರದಲ್ಲಿ ಮನೆ ಕಟ್ಟಿಸಿ ಗೃಹಪ್ರವೇಶಕ್ಕೆ ಕರೆದರು. ಪಾಯಸದ ಲೋಟ ಹಿಡಿದು ಒಳಗೆಲ್ಲ ಸುತ್ತಿ ಬಂದ ಭಾವ, "ಅಯ್ಯೋ, ಗೋಡೆಗಳೇ ಎಷ್ಟೊಂದು ಜಾಗ ತಿಂದ್ಬಿಟ್ವಲ್ಲ ಸಾರ್!" ಎಂದರು. ಆಮೇಲೆ ಆ ಮನೆಯಿಂದ ನಮಗೆ ಯಾವ ಕರೆಯೂ ಬರಲಿಲ್ಲ.

ಆಗ ನಾನು ಓದಿಗೆಂದು ತಿಲಕ್ ನಗರದ ಅಕ್ಕನ ಮನೆಯಲ್ಲಿದ್ದೆ. ಭಾವ ಒಂದು ಕಾರ್ಖಾನೆಯ ಕಂಪ್ಯೂಟರ್ ವಿಭಾಗದಲ್ಲಿದ್ದರು. ಇಡೀ ಕಾರ್ಖಾನೆಯ ಸಂಬಳದ ಲೆಕ್ಕ ಮಾಡುತ್ತಿದ್ದದ್ದು ಅಲ್ಲಿನ ಬೀರುವಿನಂಥ ಯಂತ್ರ. ನಮಗೆ ಫ್ಯಾನೂ ದುಬಾರಿಯಾಗಿದ್ದ ಕಾಲದಲ್ಲಿ ಅದಕ್ಕೆ ಏಸಿ!

ಅದು ಹಳೆಯದಾಯಿತು, ದೊಡ್ಡದೊಂದನ್ನು ತರಿಸೋಣ ಎಂದು ತೀರ್ಮಾನವಾಯಿತು. ಎಲ್ಲರೂ ಸಿಹಿ ಹಂಚಿದರೆ ಭಾವ ಮುಖ ಸಣ್ಣದು ಮಾಡಿಕೊಂಡು ಆಫೀಸರ ಮುಂದೆ ನಿಂತರು.

"ಸಾರ್, ಮೆಷಿನ್ನು ತನ್ನ ಸ್ವಂತ ಕೆಲಸಕ್ಕೆ ಅಂತ ಒಂದಿಷ್ಟು ಮೆಮೊರಿ ಎತ್ತಿಟ್ಕೊಳುತ್ತೆ. ಉಳಿದಿದ್ದೇ ನಮಗೆ. ಹೊಸದು ಇದಕ್ಕಿಂತ ಜಾಸ್ತಿ ಎತ್ತಿಟ್ಕೊಳುತ್ತೆ. ಈಗ ಇರೋಷ್ಟೇ ಮೆಮೊರಿ ಹಾಕಿಸಿದ್ರೆ ಸಂಬಳದ ಲೆಕ್ಕ ನಿಂತ್ಹೋಗುತ್ತೆ."

"ಏನ್ರೀ, ಮೆಷಿನ್ನಿಗೂ ಪಾಲು ಕೊಡ್ಬೇಕಾ?"

"ಅದು ಕೇಳಲ್ಲ ಸಾರ್, ತಗೊಂಡೇಬಿಡುತ್ತೆ!"

ದೊಡ್ಡ ಯಂತ್ರ ತಂದ ಮೇಲೆ ಜಾಗ ಕಡಿಮೆಯಾಗುತ್ತದೆ ಎಂದರೆ ಯಾರು ನಂಬುತ್ತಾರೆ ಹೇಳಿ? ಆಫೀಸರು ಬೈದು ಕಳಿಸಿದರು. ಭಾವನಿಗೆ ಊಟ ಸೇರದಾಯಿತು.

"ಮೆಷಿನ್ ಏನಾದ್ರೂ ಮಾಡ್ಕೊಳ್ಲಿ, ನಿಮಗ್ಯಾಕೆ?" ಎಂದಳು ಅಕ್ಕ.

"ದೀಪಾವಳಿ ಮುಂದಿದೆ ಕಣೇ. ಸಂಬಳ ತಡವಾದ್ರೆ ಎಷ್ಟು ಮನೇಲಿ ಮಕ್ಕಳಿಗೆ ಹೊಸಬಟ್ಟೆ ಇರಲ್ಲ, ಗೊತ್ತಾ?"

ಭಾನುವಾರ ನನ್ನನ್ನೂ ಎಳೆದುಕೊಂಡು ಜೆ.ಪಿ. ನಗರಕ್ಕೆ ನಡೆದರು. ಬಾಗಿಲು ತೆರೆದ ಆಫೀಸರು ಲುಂಗಿಯಲ್ಲಿದ್ದರು, ಅರ್ಧ ಮುಖಕ್ಕೆ ಶೇವಿಂಗ್ ನೊರೆ ಇತ್ತು. ಭಾವ ಹೊಸಿಲಲ್ಲೇ ನಿಂತು ಮೊದಲಿಂದ ಶುರುಮಾಡಿದರು. ನೊರೆ ಒಣಗಿತು. ಭಾವ ಮುಗಿಸಲಿಲ್ಲ.

"ಆಯ್ತು ಮಾರಾಯ್ರೇ, ಜಾಸ್ತಿ ಮೆಮೊರಿಗೇ ಬರೀತೀನಿ. ನನ್ನ ಭಾನುವಾರ ನನಗೆ ಬಿಟ್ಬಿಡಿ!"

ಯಂತ್ರ ಬಂತು. ಭಾವ ಹೇಳಿದ ಹಾಗೆಯೇ ತನ್ನ ಪಾಲನ್ನು ಧಾರಾಳವಾಗಿ ತೆಗೆದುಕೊಂಡಿತು. ಹೆಚ್ಚಿಗೆ ತರಿಸಿದ್ದರಿಂದ ಸಂಬಳದ ಲೆಕ್ಕಕ್ಕೂ ಜಾಗ ಉಳಿಯಿತು. ಹಬ್ಬಕ್ಕೆ ಮೊದಲೇ ಎಲ್ಲರಿಗೂ ಸಂಬಳವಾಯಿತು. ಆಫೀಸರು ಭಾವನನ್ನು ಕರೆದು ಏನೆಂದರು ಗೊತ್ತೆ?

"ನೋಡಿದ್ರಾ, ಸುಮ್ನೆ ಹೆದರಿಸಿದ್ರಿ. ಏನೂ ಆಗ್ಲಿಲ್ಲ!"

ಹಬ್ಬದ ಮಧ್ಯಾಹ್ನ ಭಾವ ಇದನ್ನು ಅಭಿನಯಿಸಿ ತೋರಿಸುತ್ತಿದ್ದರೆ ನಾನು ಅನ್ನ ನೆತ್ತಿಗೇರುವಷ್ಟು ನಕ್ಕೆ. "ಏನೂ ಆಗದ ಹಾಗೆ ನೋಡ್ಕೊಂಡೋರು ಯಾರ ಕಣ್ಣಿಗೆ ಬೀಳ್ತಾರಪ್ಪ!" ಎಂದು ನಗುತ್ತಲೇ ಭಾವ ಕೈಚಾಚಿದರು. ಅಕ್ಕ ಇನ್ನೊಂದು ಒಬ್ಬಟ್ಟು ಹಾಕಿದಳು. ಭಾವನ ನಗು ಅಲ್ಲೇ ನಿಂತಿತು. ಪಾತ್ರೆಯಲ್ಲಿ ಒಬ್ಬಟ್ಟು ಮುಗಿದಿತ್ತು.

"ನಿನಗೆ?"

"ನನಗೇನ್ರೀ, ಚೂರುಪಾರು ಒಲೆ ಹತ್ರ ಇದೆ. ನೀವು ತಿನ್ನಿ."

ಭಾವ ಎಡಗೈಯಲ್ಲಿ ತಮ್ಮ ಎಲೆಯ ಪಕ್ಕದಲ್ಲೇ ಇನ್ನೊಂದು ಎಲೆ ಹಾಸಿದರು. ಎದ್ದು ಕೈತೊಳೆದು ಬಂದು, ಅಕ್ಕನ ಕೈಯಿಂದ ಸೌಟು ತೆಗೆದುಕೊಂಡರು.

"ಕೂತ್ಕೋ."

ತಾವು ಇನ್ನೂ ಮುಟ್ಟದ ಒಬ್ಬಟ್ಟನ್ನು ಅವಳ ಎಲೆಗೆ ಹಾಕಿದರು. ಮೇಲೆ ತುಪ್ಪ ಸುರಿದರು. ಅಕ್ಕ ತಲೆ ಬಗ್ಗಿಸಿಕೊಂಡು "ಸಾಕು, ಸಾಕು" ಎನ್ನುತ್ತಿದ್ದಳು; ಕೈ ಮಾತ್ರ ಅಡ್ಡ ಹಿಡಿಯಲಿಲ್ಲ.